ಸಾಕ್ಷಿಯ ಲೋಹ ಹಿಗ್ಗಿದ್ದು

ಸಾಫ್ಟ್‌ವೇರ್ ಕಂಪನಿಗಳು ಕಾಲೇಜಿಗೇ ಬಂದು ಹುಡುಗರನ್ನು ಆರಿಸಿಕೊಂಡು ಹೋಗುತ್ತಿದ್ದ ಕಾಲ. ಸಾಕ್ಷಿಯ ಜೊತೆಯವರೆಲ್ಲ ಸಾಲ್ಟ್ ಲೇಕ್‌ನ ಗಾಜಿನ ಕಟ್ಟಡಗಳನ್ನು ಸೇರಿದರು. ಅವಳು ಮಾತ್ರ ಲೋಹಶಾಸ್ತ್ರದ ಲ್ಯಾಬಿನಲ್ಲೇ ಉಳಿದಳು. ಕುಮಟಾದಿಂದ ಬ್ಯಾಂಕ್ ಕೆಲಸದ ಮೇಲೆ ಬಂಗಾಲಕ್ಕೆ ಬಂದು ದಕ್ಷಿಣೇಶ್ವರದಲ್ಲಿ ನೆಲೆನಿಂತಿದ್ದ ಅಪ್ಪ ಪುಂಡಲೀಕರಿಗೆ, ಮಗಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಪೇಚಾಟ. "ಎಂತದೋ ಅಯಸ್ಕಾಂತದ್ದು" ಎಂದು ಮಾತು ತೇಲಿಸುತ್ತಿದ್ದರು.

ಇದು ಕಿವಿಗೆ ಬಿದ್ದದ್ದೇ, ಮೇ ತಿಂಗಳ ಒಂದು ಶನಿವಾರ ಸಾಕ್ಷಿ ಅಪ್ಪ ಅಮ್ಮನನ್ನು ಲ್ಯಾಬಿಗೇ ಕರೆದೊಯ್ದಳು. ನಿಕಲ್, ಮ್ಯಾಂಗನೀಸ್, ಗ್ಯಾಲಿಯಂ ಕರಗಿಸಿ ಬೆಳೆಸಿದ ಹರಳಿನ ಕಡ್ಡಿ, ಅರ್ಧ ಬೆಂಕಿಕಡ್ಡಿಯಷ್ಟು ಉದ್ದ.

"ಕಾಯಿಸೋದು ಬೇಡ, ಎಳೆಯೋದೂ ಬೇಡ. ಈ ಎರಡು ಅಯಸ್ಕಾಂತದ ನಡುವೆ ಅಡ್ಡ ಇಟ್ಟರೆ ತಾನೇ ಉದ್ದ ಆಗ್ತದೆ."

ಇಟ್ಟಳು. ಕಡ್ಡಿ ಕದಲಲಿಲ್ಲ. ತೆಗೆದು ಮತ್ತೆ ಇಟ್ಟಳು. ಸಾಕ್ಷಿಯ ಮುಖ ಕೆಂಪಾಯಿತು.

ಅಮ್ಮ ಮನೋರಮಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಎಂತ ಸೆಕೆ ಮಾರಾಯ್ತಿ. ಇಲ್ಲಿ ಎ.ಸಿ. ಇಲ್ವಾ?" ಎಂದರು.

"ಉಂಟಮ್ಮ, ಲೋಡ್‌ಶೆಡ್ಡಿಂಗ್..." ಎಂದವಳಿಗೆ ಥಟ್ಟನೆ ಹೊಳೆಯಿತು. ತಂಪಿದ್ದಾಗ ಮಾತ್ರ ಈ ಲೋಹ ಒಳಗೆ ಪದರ ಪದರವಾಗಿರುತ್ತದೆ. ಅಯಸ್ಕಾಂತಕ್ಕೆ ಹೊಂದುವ ಪದರಗಳು ಪಕ್ಕದವನ್ನು ನುಂಗುತ್ತಾ ಬೆಳೆಯುವುದರಿಂದಲೇ ಕಡ್ಡಿ ಹಿಗ್ಗುವುದು. ಸೆಕೆಗೆ ಆ ಪದರಗಳೇ ಅಳಿಸಿಹೋಗಿದ್ದವು. ದಿನವೂ ಎ.ಸಿ. ಕೋಣೆಯಲ್ಲಿ ಕೆಲಸ ಮಾಡುವವಳಿಗೆ ಅದು ನೆನಪೇ ಆಗಿರಲಿಲ್ಲ.

"ಅಪ್ಪ, ಸ್ವಲ್ಪ ಐಸ್ ಬೇಕಿತ್ತು."

ಮೀನು ಮಾರ್ಕೆಟ್ಟಿನ ವಿಷಯದಲ್ಲಿ ಪುಂಡಲೀಕರಿಗೆ ಯಾರ ಸಹಾಯವೂ ಬೇಡ. ಹತ್ತಿರದ ಬಜಾರಿಗೆ ಹೋಗಿ, ಮೀನಿನ ವಾಸನೆ ಹೊಡೆಯುವ ಚೀಲದ ತುಂಬ ಐಸ್ ತಂದರು. ಸಾಕ್ಷಿ ಕಡ್ಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರ ಮೇಲಿಟ್ಟಳು. ತಣ್ಣಗಾದ ಮೇಲೆ ಎರಡು ತುದಿ ಹಿಡಿದು ಅದುಮಿ ಗಿಡ್ಡ ಮಾಡಿ, ಅಯಸ್ಕಾಂತದ ನಡುವೆ ಇಟ್ಟಳು. ಕಡ್ಡಿ ಒಂದು ನಾಣ್ಯದ ದಪ್ಪದಷ್ಟು ಉದ್ದವಾಯಿತು.

"ಕಂಡಿತು, ಕಂಡಿತು," ಎಂದರು ಮನೋರಮಾ, ಮೂಗಿಗೆ ಸೆರಗು ಹಿಡಿದುಕೊಂಡೇ.

ಪುಂಡಲೀಕರು ತಾವೇ ಕಡ್ಡಿ ಅದುಮಿದರು, ಗಿಡ್ಡವಾಯಿತು. ಅಯಸ್ಕಾಂತದ ನಡುವೆ ಇಟ್ಟರು, ಉದ್ದವಾಯಿತು. ಐಸ್ ಕರಗಿ ಚಪ್ಪಲಿ ನೆನೆದರೂ ಬಿಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಎಸ್ಪ್ಲನೇಡ್‌ವರೆಗೂ ಪಕ್ಕದ ಬಂಗಾಲಿ ಯಜಮಾನರಿಗೆ ಪುಂಡಲೀಕರದೇ ವಿವರಣೆ. ಒಂದು ಕಡೆ ನಿಕಲ್ ಬದಲು ತವರ ಎಂದುಬಿಟ್ಟರು. ಸಾಕ್ಷಿ ಮುಂದಿನ ಸೀಟಿನಿಂದ ತಿರುಗಿ ಅದೊಂದನ್ನು ಮಾತ್ರ ತಿದ್ದಿದಳು.