ಸದ್ದಿಲ್ಲದ ಹದಿನಾಲ್ಕು ಫೋನು

ನಮ್ಮ ಮನೆಯಲ್ಲಿ ನನ್ನ ತಮ್ಮನನ್ನು ಎಲ್ಲರೂ ಕರೆಯುವುದು ‘ಕೇಳಿಸ್ತಾ’ ಎಂದು. ಅವನದು ಕಿವಿ ಪರೀಕ್ಷೆ ಮಾಡುವ ಕೆಲಸ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಹೊದಿಸಿದ, ಬಚ್ಚಲಷ್ಟೇ ಅಗಲದ ಒಂದು ಕೋಣೆಯಿದೆ. ಬಂದವರನ್ನು ಅದರೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, ಇವನು ಗಾಜಿನಾಚೆ ಕೂತು ಸಣ್ಣ ಸಣ್ಣ ಸದ್ದು ಕಳಿಸುತ್ತಾನೆ. ಕೇಳಿಸಿದರೆ ಬಟನ್ ಒತ್ತಬೇಕು, ಅಷ್ಟೆ. ಹದಿನೇಳು ವರ್ಷದಿಂದ ದಿನಕ್ಕೆ ನೂರು ಸಲ ಕೇಳಿ ಕೇಳಿ ಆ ಮಾತು ಅವನ ಬಾಯಿಗೆ ಅಂಟಿಕೊಂಡಿದೆ. ಊಟಕ್ಕೆ ಕರೆದು ಹತ್ತು ನಿಮಿಷವಾದರೂ ಬಾರದವನು, ತಾನು ಕರೆದಾಗ ಮಾತ್ರ "ಅಕ್ಕಾ, ಕೇಳಿಸ್ತಾ?" ಎಂದು ಮನೆ ಹಾರಿಹೋಗುವಂತೆ ಕೂಗುತ್ತಾನೆ.

ಅವನಿಗೆ ಕೆಲಸದಲ್ಲಿ ಒಂದೇ ಒಂದು ವಿಷಯಕ್ಕೆ ಮೈ ಉರಿಯುತ್ತಿತ್ತು. ಒಂದು ಸಲ ನನ್ನ ಮುಂದೆ ಹೇಳಿದ್ದ: "ಕೇಳಿಸ್ದೇ ಇರೋರ ಮೇಲೆ ನಂಗೆ ಕೋಪ ಇಲ್ಲಕ್ಕ. ಕೇಳಿಸ್ದೇ ಇದ್ರೂ ಬಟನ್ ಒತ್ತೋರು ಇದಾರಲ್ಲ, ಅವರದ್ದೇ ತಲೆನೋವು. ಪಾಪ ಇವನು ಇಷ್ಟು ಕಷ್ಟಪಡ್ತಿದಾನೆ, ಬೇಜಾರಾಗ್ಬಾರ್ದು ಅಂತ ಒತ್ತಿಬಿಡ್ತಾರೆ. ಮೆಷಿನ್ನು ಕಿವಿ ಚೆನ್ನಾಗಿದೆ ಅಂತ ಬರ್ಕೊಳ್ಳುತ್ತೆ. ಆಮೇಲೆ ಯಾರೂ ಏನೂ ಮಾಡೋಕಾಗಲ್ಲ."

"ಒಳ್ಳೇ ಮನಸ್ಸಿನ ಜನ ಕಣೋ, ಬಿಡು," ಎಂದಿದ್ದೆ ನಾನು.

ನನ್ನದು ಫೋನ್ ರಿಪೇರಿ ಅಂಗಡಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಹೊರಗೇ ಉಳಿಯಬೇಕಾದಷ್ಟು ಜಾಗ. ಒಂದು ಮೇಜು, ಭೂತಗನ್ನಡಿ, ಬಿಸಿಗಾಳಿಯ ಗನ್ನು, ಗೋಡೆಯುದ್ದಕ್ಕೂ ಹಳೆಯ ಫೋನುಗಳ ಡಬ್ಬಗಳು. ಹೆಂಗಸೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಕೂತದ್ದನ್ನು ನೋಡಿಯೂ "ರಿಪೇರಿಯವರು ಇಲ್ವಾ?" ಎಂದು ಕೇಳುವ ಗಿರಾಕಿಗಳು ಈಗಲೂ ಇದ್ದಾರೆ. "ಈಗ ಬರ್ತಾರೆ, ಕೂತ್ಕೊಳ್ಳಿ" ಎಂದು ಹೇಳಿ ಅವರ ಕಣ್ಣೆದುರೇ ಫೋನು ಬಿಚ್ಚುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ನಾನೇ ಒಪ್ಪುತ್ತೇನೆ.

ತಮ್ಮ ಚಿಕ್ಕಂದಿನಿಂದಲೂ ಗುನುಗುತ್ತಿದ್ದ. ಹಲ್ಲುಜ್ಜುವಾಗ, ಬೀಗ ತೆಗೆಯುವಾಗ, ಬೈಸಿಕೊಳ್ಳುವಾಗಲೂ. ಆರು ವರ್ಷದ ಹಿಂದೆ ಅವನ ಹೆಂಡತಿ ಬಿಟ್ಟುಹೋದಳು. ತಪ್ಪು ಯಾರದೆಂದು ನಾನು ಹೇಳಲಾರೆ, ಗೊತ್ತಿದ್ದರೆ ಖಂಡಿತ ಹೇಳುತ್ತಿದ್ದೆ. ಆಮೇಲೆ ಎರಡು ವರ್ಷ ಅವನು ಗುನುಗಲೇ ಇಲ್ಲ. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಅವನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಊಟದ ಡಬ್ಬಿ ಹಿಡಿದು ಹತ್ತುವಾಗ ಪ್ರತಿ ಸಲವೂ ಬಾಗಿಲು ತೆಗೆಯುತ್ತಾನೋ ಇಲ್ಲವೋ ಎಂದುಕೊಳ್ಳುತ್ತಿದ್ದೆ. ಒಂದು ಭಾನುವಾರ ಎರಡನೇ ಮಹಡಿ ದಾಟುವಷ್ಟರಲ್ಲಿ ಮೇಲಿನಿಂದ ಗುನುಗು ಕೇಳಿಸಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಡಬ್ಬಿಯ ಊಟ ಅಂದು ಆರಿಹೋಗಿತ್ತು.

ಅಂದಿನಿಂದ ಅವನು ತಾನೇ ಹಾಡು ಬರೆದು, ತಾನೇ ಹಾಡಿ, ತಾನೇ ಬಿಡುಗಡೆ ಮಾಡತೊಡಗಿದ. ಈಗ ಅದಕ್ಕೆ ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲವಂತೆ. ಹಾಡನ್ನು ಎಲ್ಲ ಆ್ಯಪ್‌ಗಳಿಗೂ ತಲುಪಿಸುವ ಕಂಪನಿಗಳಿವೆ, ಕಳಿಸಿದರೆ ಸಾಕು. ತಲುಪುವುದೇನೋ ತಲುಪುತ್ತದೆ, ಕೇಳುವವರನ್ನು ಮಾತ್ರ ನಾವೇ ಹುಡುಕಬೇಕು. ಹುಡುಕಿದ, ಪಾಪ. ಫೋನಿನಲ್ಲಿದ್ದ ಪ್ರತಿಯೊಬ್ಬರಿಗೂ ಹೆಸರು ಹಿಡಿದು ಬೇರೆ ಬೇರೆ ಸಂದೇಶ ಬರೆದ. ನೆಂಟರೆಲ್ಲ ಲಿಂಕನ್ನು ಮುಟ್ಟದೆಯೇ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದರು. ರೇಡಿಯೋದವರು "ಇಟ್ಟುಹೋಗಿ, ನೋಡೋಣ" ಎಂದರು. ಫೋನು ಹಿಡಿದರೆ ಹಾಡು ತೆರೆಯುವ ಕ್ಯೂಆರ್ ಕೋಡಿನ ಸ್ಟಿಕರ್ ಮಾಡಿಸಿ ಬಸ್ಸಿನ ಸೀಟಿನ ಬೆನ್ನಿಗೆ, ಟೀ ಅಂಗಡಿಯ ಕಂಬಕ್ಕೆ, ಕೊನೆಗೆ ಆಸ್ಪತ್ರೆಯ ಗೋಡೆಗೂ ಅಂಟಿಸಿದ. ಆಸ್ಪತ್ರೆಯದ್ದನ್ನು ಅವನ ಕೈಯಿಂದಲೇ ಕೆರೆಸಿದರು. ಹೀಗೆ ನಾಲ್ಕು ಹಾಡು ಬಂದವು. ಯಾವುದೂ ನೂರು ಜನರ ಗಡಿ ದಾಟಲಿಲ್ಲ.

ಐದನೆಯದರ ಹೆಸರು ‘ಮೂರನೇ ಮಹಡಿ’. ಭಾನುವಾರಗಳಂದು ಆಸ್ಪತ್ರೆಯ ಕಾವಲುಗಾರನನ್ನು ಒಪ್ಪಿಸಿ, ಆ ಸ್ಪಂಜಿನ ಕೋಣೆಯಲ್ಲೇ ಕೂತು ಹಾಡಿ ಮುಗಿಸಿದ್ದ. "ಇದೇ ಕೊನೇದು ಅಕ್ಕ," ಎಂದ. "ನೆಂಟರು ಬೇಡ, ಗೊತ್ತಿಲ್ಲದ ಜನ ಕೇಳ್ಬೇಕು. ಕೇಳ್ಲಿಲ್ಲ ಅಂದ್ರೆ ನಾನೂ ನಿಲ್ಲಿಸ್ಬಿಡ್ತೀನಿ." ಲಿಂಕು ಕಳಿಸಿದ. ಮಾರನೆಯ ದಿನ ನಾನು ಫೋನಿನಲ್ಲೇ ಹೇಳಿದೆ, "ಕೇಳ್ದೆ ಕಣೋ, ತುಂಬಾ ಚೆನ್ನಾಗಿದೆ."

ಕೇಳಿರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಪುರುಸೊತ್ತಿಲ್ಲ ಎನ್ನುವುದು ನೆಪ. ಚೆನ್ನಾಗಿಲ್ಲದಿದ್ದರೆ ಎಂಬ ಹೆದರಿಕೆ ನನಗೆ. ನನ್ನ ಮುಖ ಸುಳ್ಳು ಹೇಳುವುದಿಲ್ಲ. ಹಾಡು ಸಪ್ಪೆಯಾಗಿದ್ದರೆ ಅವನು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾನೆ. ಕೇಳದೆಯೇ ಹೊಗಳುವುದು ಸುಲಭವಾಗಿತ್ತು.

ಮೊದಲ ವಾರ ಆ ಹಾಡನ್ನು ಕೇಳಿದವರು ಮೂವತ್ತೊಂದು ಜನ. ಎಂಟನೆಯ ದಿನ ಅವನು ಅಂಗಡಿಗೆ ಬಂದು ಟವೆಲ್ಲಿನಲ್ಲಿ ಸುತ್ತಿದ ಮೈಕನ್ನು ಮೇಜಿನ ಮೇಲಿಟ್ಟ. "ಯಾರಾದ್ರೂ ತಗೊಳ್ಳೋರು ಸಿಕ್ರೆ ಕೊಟ್ಬಿಡು," ಎಂದ. ದನಿ ಸಪಾಟಾಗಿತ್ತು, ಆ ಎರಡು ವರ್ಷದ ದನಿ. ಮೈಕನ್ನು ಮೇಜಿನ ಕೆಳಖಾನೆಗೆ ತಳ್ಳಿ ಬೀಗ ಹಾಕಿದೆ.

ಹೊಸ ಬ್ಯಾಟರಿ ಹಾಕಿದ ಫೋನನ್ನು ಕೂಡಲೇ ಕೊಟ್ಟುಬಿಡುವಂತಿಲ್ಲ. ನಾಲ್ಕೈದು ಗಂಟೆ ಏನನ್ನಾದರೂ ಓಡಿಸಿ, ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಬೇಕು. ಮೇಜಿನ ಹಿಂದಿನ ಹಲಗೆಯ ಮೇಲೆ ಸಾಲಾಗಿ ಫೋನುಗಳನ್ನಿಟ್ಟು ಏನೋ ಒಂದು ಓಡಿಸುವುದು ನನಗೆ ದಿನದ ಕೆಲಸ. ಆ ಮಧ್ಯಾಹ್ನ ಡಬ್ಬಗಳನ್ನು ಕೆದಕಿ, ನಾನೇ ಕೊಂಡಿಟ್ಟಿದ್ದ ಹಳೆಯ ಫೋನುಗಳಲ್ಲಿ ಜೀವವಿದ್ದ ಹದಿನಾಲ್ಕನ್ನು ಆರಿಸಿದೆ. ಒಂದೊಂದಕ್ಕೂ ಒಂದೊಂದು ಸುಳ್ಳು ಹೆಸರಿನ ಖಾತೆ ತೆರೆದೆ. ಹದಿನಾಲ್ಕರಲ್ಲೂ ‘ಮೂರನೇ ಮಹಡಿ’ ಹಚ್ಚಿ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಬರುವಂತೆ ಮಾಡಿ, ಸದ್ದನ್ನು ಪೂರ್ತಿ ಇಳಿಸಿ, ಮೇಲೊಂದು ಬಟ್ಟೆ ಮುಚ್ಚಿದೆ.

ನನ್ನ ಗಂಡ ಬಟ್ಟೆ ಎತ್ತಿ ನೋಡಿ ನಕ್ಕರು. "ಅಂತೂ ನಿನ್ನ ತಮ್ಮನ ಹಾಡು ಕೇಳೋಕೆ ಪುರುಸೊತ್ತಿರೋದು ಫೋನುಗಳಿಗೆ ಮಾತ್ರ," ಎಂದರು. ನಾನು ನಗಲಿಲ್ಲ.

ಲೆಕ್ಕ ಏರಿತು. ಇನ್ನೂರು, ಏಳುನೂರು, ಎರಡು ಸಾವಿರ. ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಡು ಯಾವ ಊರಿನಲ್ಲಿ ಎಷ್ಟು ಓಡುತ್ತಿದೆ ಎಂದು ತೋರಿಸುವ ನಕ್ಷೆಯೊಂದು ಅವನ ಫೋನಿನಲ್ಲಿತ್ತು. ಅದರಲ್ಲಿ ನಮ್ಮೂರಿನ ಮೇಲೆ ದಪ್ಪ ಚುಕ್ಕೆ.

"ನೋಡಕ್ಕ! ಬೇರೆ ಎಲ್ಲೂ ಅಲ್ಲ, ನಮ್ಮೂರಿನವರೇ ಕೇಳ್ತಿದಾರೆ. ಸ್ಟಿಕರ್ ಕೆಲಸ ಮಾಡಿದೆ ಅಂದ್ರೆ!"

"ಮಾಡ್ದೇ ಏನು," ಎಂದೆ, ತಲೆಯೆತ್ತದೆ.

ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡವರನ್ನೆಲ್ಲ ನೋಡುತ್ತಾನಂತೆ, ಇವರಿರಬಹುದಾ, ಅವರಿರಬಹುದಾ ಎಂದು. ಒಂದು ದಿನ ಯಾರೋ ಹೆಂಗಸು ಕಣ್ಣು ಮುಚ್ಚಿ ಕೂತಿದ್ದಳಂತೆ, ತನ್ನ ನಿಲ್ದಾಣ ಬಂದರೂ ಇಳಿಯದೆ ಅವಳನ್ನೇ ನೋಡುತ್ತಾ ಮುಂದಿನದಕ್ಕೆ ಹೋದನಂತೆ. ಇದನ್ನೆಲ್ಲ ನನ್ನ ಮುಂದೆ ಕೂತು ಹೇಳುತ್ತಿದ್ದ, ನನ್ನ ಬೆನ್ನ ಹಿಂದೆ ಬಟ್ಟೆಯಡಿ ಹದಿನಾಲ್ಕು ಫೋನು ಬಿಸಿಯಾಗುತ್ತಿದ್ದವು. ಮತ್ತೆ ಗುನುಗತೊಡಗಿದ. ನಾಚಿಕೆಯಾಗಲಿಲ್ಲವೇ ಎಂದು ಕೇಳಿದರೆ, ನಿಜ ಹೇಳುತ್ತೇನೆ, ಆಗ ಆಗಲಿಲ್ಲ. ನನಗೆ ಸಂತೋಷವಾಗಿತ್ತು. ಎಷ್ಟಾದರೂ ಓಡಲಿ ಎಂದು ದಿನಾ ಬೆಳಿಗ್ಗೆ ನಾನೇ ಚಾರ್ಜಿಗೆ ಹಾಕುತ್ತಿದ್ದೆ.

ಐದನೆಯ ವಾರ ಅವನಿಗೊಂದು ಸಂದೇಶ ಬಂತು. ಬೇರೆ ಊರಿನ ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹೆಂಗಸು. ಅದನ್ನವನು ನನಗೆ ಮೂರು ಸಲ ಓದಿ ಹೇಳಿದ. "ಎರಡನೇ ಚರಣ ಶುರುವಾಗೋಕೆ ಮುಂಚೆ ನೀವು ಉಸಿರು ಎಳ್ಕೊಳ್ಳೋದು ಕೇಳುತ್ತೆ. ಮೆಟ್ಟಿಲು ಹತ್ತಿ ಬಂದು ನಿಂತವರ ಥರ. ಮುಂದೆ ಯಾವತ್ತಾದ್ರೂ ಹಾಡು ಸರಿ ಮಾಡೋಕೆ ಹೋದ್ರೆ ಅದನ್ನ ತೆಗೀಬೇಡಿ." ಆ ಉಸಿರನ್ನು ಅಳಿಸಬೇಕೆಂದು ಹೊರಟು, ಮನಸ್ಸು ಬಾರದೆ ಬಿಟ್ಟಿದ್ದನಂತೆ. ಯಾರಿಗೂ ಕೇಳಿಸಲಾರದು ಎಂದುಕೊಂಡಿದ್ದನಂತೆ.

ಏಳನೆಯ ವಾರ, ಊಟದ ಬಿಡುವಿನಲ್ಲಿ ಅವನು ಅಂಗಡಿಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಹಾಡು ತಲುಪಿಸುವ ಕಂಪನಿಯಿಂದ ಪತ್ರ ಬಂದಿತ್ತು: ಈ ಹಾಡಿಗೆ ಬಂದ ಲೆಕ್ಕ ಕೃತಕ, ಒಂದೇ ಜಾಗದಿಂದ, ಒಂದೇ ಸಮನೆ, ಆದ್ದರಿಂದ ಐದೂ ಹಾಡುಗಳನ್ನು ಎಲ್ಲ ಕಡೆಯಿಂದಲೂ ತೆಗೆಯಲಾಗಿದೆ, ಖಾತೆ ಮುಚ್ಚಲಾಗಿದೆ.

"ಯಾರೋ ಹೊಟ್ಟೆಕಿಚ್ಚಿಗೆ ಮಾಡಿದಾರೆ ಅಕ್ಕ," ಎಂದ. "ನಾನು ಅವರಿಗೆ ಬರೀತಿದೀನಿ, ನೋಡು. ನಾನಾಗ್ಲಿ ನಂಗೆ ಸೇರಿದವರಾಗ್ಲಿ ಇಂಥದ್ದು ಮಾಡಿಲ್ಲ ಅಂತ ಆಣೆ ಮಾಡಿ ಬರ್ದಿದೀನಿ. ಸರಿ ಇದೆಯಾ ಓದು."

ಓದಿದೆ. ‘ನನಗೆ ಸೇರಿದವರಾಗಲಿ’ ಎಂಬಲ್ಲಿ ಕಣ್ಣು ನಿಂತುಬಿಟ್ಟಿತು. ಅವನು ಆ ಪತ್ರ ಕಳಿಸಿದರೆ ನನ್ನಿಂದಾಗಿ ಸುಳ್ಳು ಆಣೆಯೂ ಮಾಡಿದ ಹಾಗಾಗುತ್ತಿತ್ತು. ನಾನು ತಿರುಗಿ ಬಟ್ಟೆ ಎಳೆದೆ. ಹದಿನಾಲ್ಕು ಪರದೆಗಳ ಮೇಲೂ ಒಂದೇ ಸಾಲು ಇತ್ತು: ಈ ಹಾಡು ಲಭ್ಯವಿಲ್ಲ.

ಅವನು ಅವನ್ನು ಒಂದೊಂದಾಗಿ ನೋಡಿದ. ಒಂದನ್ನು ಕೈಗೆತ್ತಿಕೊಂಡು ಪಕ್ಕದ ಗುಂಡಿ ಒತ್ತಿದ. ಸದ್ದಿನ ಗೆರೆ ತಳದಲ್ಲಿತ್ತು.

"ಸದ್ದು ಇಳಿಸಿದೀಯ," ಎಂದ.

"ಇಳಿಸಿದ್ದೆ."

"ಕೇಳಿಸ್ದೇನೇ ಬಟನ್ ಒತ್ತಿದೀಯ ಅಕ್ಕ ನೀನು."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ. ಮೈಕು ತಂದಿಟ್ಟ ದಿನ ನನಗೆ ಹೇಗಾಯಿತು, ಆ ಎರಡು ವರ್ಷ ನಾನು ಹೇಗೆ ಮೆಟ್ಟಿಲು ಹತ್ತಿದೆ, ಎಲ್ಲ ಹೇಳಿದೆ. ಅವನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಅಷ್ಟರಲ್ಲಿ ಅವನ ಫೋನು ಟಿಣ್ ಎಂದಿತು. ನೋಡಿ, ಅದನ್ನು ನನ್ನ ಮುಂದೆ ಹಿಡಿದ. ಬಿಸ್ಕತ್ ಕಾರ್ಖಾನೆಯವಳು: "ನಿಮ್ಮ ಹಾಡು ಎಲ್ಲೂ ಸಿಗ್ತಿಲ್ಲ. ತೆಗೆದುಬಿಟ್ರಾ?"

"ಇದಕ್ಕೂ ನೀನೇ ಉತ್ತರ ಬರಿ," ಎಂದ. "ಇವಳೂ ನೀನೇ ತಾನೆ?"

"ಅಯ್ಯೋ, ಅಲ್ಲ ಕಣೋ! ನನ್ನಾಣೆ, ಅವಳು ನಿಜ."

"ಹದಿನಾಲ್ಕು ಜನರನ್ನ ಹುಟ್ಟಿಸಿದವಳಿಗೆ ಹದಿನೈದನೆಯವಳು ಕಷ್ಟವಾ?" ಅವಳ ಸಂದೇಶವನ್ನು ಅಳಿಸಲು ಬೆರಳು ಇಟ್ಟೇಬಿಟ್ಟ.

ಆಗ ನನಗೆ ತಿಳಿಯಿತು, ಅವನ ಕೈಯಲ್ಲಿ ಉಳಿದದ್ದು ಅವಳೊಬ್ಬಳೇ. ಅವಳನ್ನೂ ಕಳೆದರೆ ಇವನು ಆ ಮೂರನೇ ಮಹಡಿಗೆ ಹತ್ತಿ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾನೆ. ಅವಳು ನಿಜವೆಂದು ತೋರಿಸಲು ನನ್ನ ಬಳಿ ಇದ್ದದ್ದು ಒಂದೇ ಸಾಕ್ಷಿ.

"ಅವಳು ಆ ಉಸಿರಿನ ವಿಷಯ ಬರ್ದಿದಾಳಲ್ಲ," ಎಂದೆ. "ಅದು ನಂಗೆ ಗೊತ್ತಿರೋಕೆ ಸಾಧ್ಯವೇ ಇಲ್ಲ ಕಣೋ. ನಾನು ಹಾಡು ಕೇಳಿಲ್ಲ."

"ಚೆನ್ನಾಗಿದೆ ಅಂದಿದ್ಯಲ್ಲ."

"ಸುಳ್ಳು ಹೇಳಿದ್ದೆ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ. ಎರಡನೇ ಚರಣ ಎಲ್ಲಿ ಶುರುವಾಗುತ್ತೆ ಅಂತಾನೂ ನಂಗೆ ಗೊತ್ತಿಲ್ಲ."

ಅವನು ನನ್ನ ಮುಖ ನೋಡಿದ. ಹೇಳಿದೆನಲ್ಲ, ನನ್ನ ಮುಖ ಸುಳ್ಳು ಹೇಳುವುದಿಲ್ಲ. ನಂಬಿದ. ಬೆರಳನ್ನು ಪರದೆಯಿಂದ ತೆಗೆದ. ಅಂಗಡಿಯ ಮೆಟ್ಟಿಲ ಮೇಲೆ ನನಗೆ ಬೆನ್ನು ಹಾಕಿ ಕೂತು ಅವಳಿಗೆ ಏನೋ ಉದ್ದಕ್ಕೆ ಬರೆದ, ಹಾಡನ್ನೇ ಕಳಿಸಿದ. ಆಮೇಲೆ ಒಳಗೆ ಬಂದು, "ಮೈಕು ಕೊಡು," ಎಂದ. ಬೀಗ ತೆಗೆದು ಕೊಟ್ಟೆ. ಟವೆಲ್ಲನ್ನು ಮೇಜಿನ ಮೇಲೆ ಬಿಟ್ಟು ಮೈಕನ್ನು ಮಾತ್ರ ತೆಗೆದುಕೊಂಡು ಹೋದ.

ಇದು ನಡೆದು ಒಂಬತ್ತು ತಿಂಗಳು. ತಮ್ಮ ಮಾತು ಬಿಟ್ಟಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ನನ್ನೆದುರು ಗುನುಗುವುದಿಲ್ಲ. ಭಾನುವಾರಗಳಂದು ಅವನು ಈಗಲೂ ಆ ಸ್ಪಂಜಿನ ಕೋಣೆಯಲ್ಲಿ ಕೂರುತ್ತಾನೆಂದು, ಫೋನಿನ ಗಾಜು ಬದಲಿಸಲು ಬಂದಿದ್ದ ಕಾವಲುಗಾರ ಹೇಳಿದ. ಬೇರೆ ಹೆಸರಿನಲ್ಲಿ ಹಾಡು ಬಿಡುತ್ತಿದ್ದಾನಂತೆ. ಯಾವ ಹೆಸರು ಎಂದು ಕೇಳಿದೆ. "ಹೇಳ್ಬೇಡ ಅಂದಿದಾರೆ, ಅಕ್ಕಾವ್ರೆ," ಎಂದು ಅವನು ನೆಲ ನೋಡಿದ. ತಮ್ಮ ಹಾಡುತ್ತಿದ್ದಾನಲ್ಲ, ಅಷ್ಟು ಸಾಕು ಎಂದು ಮೊದಲು ಅಂದುಕೊಂಡೆ. ಸಾಲದು.

ಈಗ ಬ್ಯಾಟರಿ ಪರೀಕ್ಷೆಗೆ ಫೋನು ಇಟ್ಟಾಗ ನಾನು ಹೆಸರೇ ಕೇಳಿರದವರ ಹಾಡುಗಳನ್ನು ಹುಡುಕಿ ಹಚ್ಚುತ್ತೇನೆ, ಸದ್ದು ಏರಿಸಿ. ಮೊದಲ ಸಾಲಿಗೇ ತಮ್ಮನ ದನಿಯಲ್ಲ ಎಂದು ಗೊತ್ತಾಗುತ್ತದೆ. ಆದರೂ ಕೊನೆಯವರೆಗೆ ಕೇಳುತ್ತೇನೆ. ‘ಮೂರನೇ ಮಹಡಿ’ಯನ್ನು ಮಾತ್ರ ಕೇಳುವಂತಿಲ್ಲ. ಅದು ಈಗ ಇರುವುದು ಇಬ್ಬರ ಬಳಿ, ಅವನ ಬಳಿ ಮತ್ತು ಆ ಬಿಸ್ಕತ್ ಕಾರ್ಖಾನೆಯ ಹೆಂಗಸಿನ ಫೋನಿನಲ್ಲಿ. ಅವಳ ನಂಬರು ನನಗೆ ಗೊತ್ತಿಲ್ಲ.