ಅವ್ವನಿಗಾಗಿ ಮಂಡಿಯೂರಿದವರು

ನಮ್ಮ ಉಪದೇಶಿಗಳ ಬಿಳಿ ಮೀಸೆಯ ಎಡಭಾಗ ಮಾತ್ರ ನಶ್ಯ ಹತ್ತಿ ಕಂದಾಗಿತ್ತು. ಪ್ರಾರ್ಥನೆಯ ನಡುವೆ ಸೀನು ಬಂದರೆ "ದೇವ್ರೇ, ಒಂದ್ಗಳಿಗೆ ತಡಿ" ಎನ್ನುತ್ತಿದ್ದರು. ಪಾದ್ರಿಗಳಿಲ್ಲದೆ ಅವರೇ ಬೋಧನೆ, ಪ್ರಾರ್ಥನೆ ನಡೆಸುತ್ತಿದ್ದ ಹೊಳೆನರಸೀಪುರದ ನಮ್ಮ ಪುಟ್ಟ ಕ್ರೈಸ್ತಸಭೆಯಲ್ಲಿ ದೇವರ ಜೊತೆ ಅಂಥ ಸಲಿಗೆ ಅವರೊಬ್ಬರಿಗೇ ಇದ್ದದ್ದು.

ಐವತ್ತರ ದಶಕದ ಕೊನೆಯಲ್ಲಿ, ನಾನು ಮದುವೆಯ ವಯಸ್ಸಿನ ಹುಡುಗಿಯಾಗಿದ್ದಾಗ, ನನ್ನ ತಮ್ಮ ಜ್ವರದಿಂದ ತೀರಿಕೊಂಡ. ಅವ್ವ ಊಟ ಬಿಟ್ಟಳು. ಬಾಗಿಲಲ್ಲಿ ಕಪ್ಪನೆಯವನೊಬ್ಬ ನಿಂತು ಕರೆಯುತ್ತಾನೆಂದು ಚೀರತೊಡಗಿದಳು. ಸೈತಾನನನ್ನು ಹೊಡೆದು ಬಿಡಿಸಲು ಸಭೆಯ ಹಿರಿಯರು ಹುಣಸೆ ಕೋಲು ಹಿಡಿದು ಬಂದರು. ಉಪದೇಶಿಗಳು ಅಡ್ಡ ನಿಂತರು.

"ಮಗೀನ ಕಳ್ಕಂಡ ದುಃಖ ಕಣ್ರಪ್ಪಾ ಇದು. ದೆವ್ವ ಅಲ್ಲ."

ಅಂದಿನಿಂದ ದಿನವೂ ಬಂದು ಅವ್ವನಿಗೆ ಗಂಜಿ ಕುಡಿಸಿ, ಸತ್ತ ಮಗನ ಬಗ್ಗೆ ಅವಳನ್ನು ಮಾತಾಡಿಸುತ್ತಾ ಕೂರುತ್ತಿದ್ದರು. ತಾವು ಮೈಸೂರಿನಲ್ಲಿ ಓದುವಾಗ ಕೇಳಿದ್ದ, ಈಜಿಪ್ಟಿನ ಮರಳುಗಾಡಿನ ಹಳೇ ಕಾಲದ ಕ್ರೈಸ್ತ ಸನ್ಯಾಸಿಗಳ ಕಥೆ ನನಗೆ ಹೇಳಿದ್ದೂ ಆಗಲೇ. ಅವರ ಗುಹೆಗಳಿಗೂ ದೆವ್ವಗಳು ಬರುತ್ತಿದ್ದವಂತೆ. ಅವು ಬರುವುದು ನಮ್ಮ ಯೋಚನೆಗಳ ದಾರಿಯಲ್ಲೇ ಎಂದ ಒಬ್ಬ ಸನ್ಯಾಸಿಯನ್ನು, ಸತ್ತು ಎಷ್ಟೋ ಕಾಲವಾದ ಮೇಲೆ ಧರ್ಮಸಭೆಯವರು ಮತಭ್ರಷ್ಟನೆಂದು ಸಾರಿದರಂತೆ.

"ಅಂಗಂದ್ಬುಟ್ರೆ ಅವನ ಮಾತು ಸುಳ್ಳಾಯ್ತದಾ ಮಗಾ?"

ಅವ್ವ ಚೇತರಿಸಿಕೊಂಡು ಓಡಾಡತೊಡಗಿದಳು. ಆದರೆ ಉಪದೇಶಿ ಸೈತಾನನೇ ಇಲ್ಲವೆಂದು ಬೋಧಿಸುತ್ತಾರೆಂಬ ದೂರು ಹೋಗಿ, ಹಾಸನದ ಪಾದ್ರಿಗಳು ವಿಚಾರಣೆಗೆ ಬಂದರು.

"ಸೈತಾನ ಅವ್ನೆ ಸಾ. ಈ ತಾಯಿ ಮೈಮ್ಯಾಲಿಲ್ಲ ಅಂದೆ, ಅಷ್ಟೇಯ" ಎಂದರು ಉಪದೇಶಿಗಳು.

ತಡೆಯಲಾರದೆ ಅವ್ವ ಎದ್ದು ನಿಂತಳು. "ಇವ್ರು ಉಣ್ಸುದ್ರು, ನಾನು ಬದುಕ್ದೆ. ನಂಗ್ಯಾವ ದೆವ್ವಾನೂ ಇಡ್ದಿರ್ಲಿಲ್ಲ."

"ಇದು ಅವಳ ಮಾತಲ್ಲ, ಒಳಗಿರೋನು ಆಡ್ತಾವ್ನೆ!" ಎಂದು ಹಿರಿಯರೊಬ್ಬರು ಕೂಗಿದರು. ಇಬ್ಬರು ಬಂದು ಅವ್ವನ ರಟ್ಟೆ ಹಿಡಿದರು. ಉಪದೇಶಿಗಳು ಧಡಕ್ಕನೆ ಮಂಡಿಯೂರಿದರು.

"ಬುಡಿ ಆಯಮ್ಮನ್ನ. ನಾ ಏಳಿದ್ ಮಾತ್ನೇ ಆಡುದ್ಲು. ತಪ್ಪು ಬೋಧನೆ ಮಾಡ್ದೋನು ನಾನು."

ಅವ್ವನನ್ನು ಬಿಟ್ಟರು. ಉಪದೇಶಿಗಳ ಕೆಲಸ ಹೋಯಿತು. ಅರಕಲಗೂಡಿನ ತಂಗಿಯ ಮನೆ ಸೇರಿದರು. ಒಮ್ಮೆ ನೋಡಲು ಹೋದಾಗ ಮರಳುಗಾಡಿನ ಸನ್ಯಾಸಿಗಳ ಮಾತು ತೆಗೆದೆ. "ಯಾವ ಸನ್ಯಾಸಿ ಮಗಾ? ನಂಗೆ ನೆಪ್ಪಿಲ್ಲ" ಎಂದು ಮುಖ ತಿರುಗಿಸಿದರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಮಣ್ಣಿಗೆ ಬಂದ ಪಾದ್ರಿಗಳು, ತಪ್ಪು ಒಪ್ಪಿಕೊಂಡು ಸತ್ಯಕ್ಕೆ ಮರಳಿದ ಭಕ್ತ ಎಂದು ಹೊಗಳಿದರು. ಅವ್ವ ತಲೆಯೆತ್ತಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ ಅಂದಳು:

"ನನ್ನ ಉಳ್ಸಕ್ಕೋಗಿ ಒಂದೇ ಒಂದು ಸುಳ್ಳು ಏಳುದ್ರು ಕಣೇ. ಅದನ್ನೇ ನಿಜ ಅಂತ ಮಣ್ಣು ಮಾಡ್ಬುಟ್ರು."