ನನ್ನ ಉಸಿರನ್ನು ಎಣಿಸಿದ ಪೆಟ್ಟಿಗೆ

ಶನಿವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಸಿದ್ಧಕಟ್ಟೆಯ ನಮ್ಮ ಮನೆಯ ಬಚ್ಚಲಲ್ಲಿ ಬಿಸಿನೀರಿನ ಬಾಲ್ದಿ ಮಗುಚಿತು. ಮೂರು ವರ್ಷದ ಮಗಳ ಎದೆ, ಹೊಟ್ಟೆ, ಎರಡೂ ಕೈ ಸುಟ್ಟವು. ತಣ್ಣೀರು ಸುರಿಯುತ್ತಲೇ ಗಡಿಯಾರ ನೋಡಿದೆ. ಏಕೆಂದು ಇವತ್ತಿಗೂ ಗೊತ್ತಿಲ್ಲ.

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿದರು. ಉಸಿರು, ನಾಡಿ ನೋಡಲು ಎದೆಗೆ ವೈರು ಅಂಟಿಸುವಂತಿರಲಿಲ್ಲ. ಕಾಲ್ಬೆರಳಿಗೆ ಹಾಕಿದ ಕ್ಲಿಪ್ಪನ್ನು ಅವಳು ಒದ್ದು ಬೀಳಿಸುತ್ತಿದ್ದಳು. ಕೊನೆಗೆ ನರ್ಸ್ ಮಂಚದ ಪಕ್ಕದ ಸ್ಟ್ಯಾಂಡಿಗೆ, ಹೊಸತಾಗಿ ತಂದಿದ್ದ ಬಿಳಿ ಪೆಟ್ಟಿಗೆಯೊಂದನ್ನು ಸಿಕ್ಕಿಸಿದರು. ಅದು ರೇಡಿಯೋ ಅಲೆ ಬಿಡುತ್ತದೆ. ಎದೆಗೆ ತಾಗಿ ಮರಳಿದ ಅಲೆಯಿಂದ ಉಸಿರು, ನಾಡಿ ಎಣಿಸುತ್ತದೆ. ಪರದೆಯಲ್ಲಿ ಉಸಿರು ನಿಮಿಷಕ್ಕೆ ಇಪ್ಪತ್ತಾರು ಎಂದು ಬಂತು. ಬಿ.ಎಸ್ಸಿ.ಯಲ್ಲಿ ಅಲೆಗಳ ಪ್ರತಿಫಲನವನ್ನು ಬಾಯಿಪಾಠ ಮಾಡಿ ಬರೆದವಳು ನಾನು. ಈಗ ಅಂಥದೇ ಅಲೆ ಬಟ್ಟೆಯ ಪದರಗಳನ್ನು ದಾಟಿ, ನಾನೇ ಮುಟ್ಟಲಾಗದ ನನ್ನ ಮಗುವಿನ ಎದೆಯನ್ನು ನೋಯಿಸದೆ ತಡವಿ ಬರುತ್ತಿತ್ತು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅತ್ತೆ ಮಾತ್ರ, "ಮುಟ್ಟದೆ ಲೆಕ್ಕ ಹಾಕ್ತದಾ? ಹಾಗಾದ್ರೆ ನನ್ನ ಗೊರಕೆಯನ್ನೂ ಬರೆದುಕೊಳ್ಳಲಿ" ಎಂದರು.

"ಅದಕ್ಕೇ ಹೇಳುವುದು ಅಜ್ಜಿ, ಮಗುವಿನ ಹತ್ತಿರ ಯಾರೂ ಕೂತ್ಕೊಳ್ಬೇಡಿ. ನಿಮ್ಮ ಉಸಿರೇ ಅದಕ್ಕೆ ಸಿಗ್ತದೆ" ಎಂದರು ನರ್ಸ್.

ಮರುದಿನ ಮಧ್ಯಾಹ್ನ ನೋವಿನ ಇಂಜೆಕ್ಷನ್ ಆದ ಮೇಲೆ ಮಗಳು ಮೊದಲ ಬಾರಿ ನಿದ್ದೆಹೋದಳು. ಮನಸ್ಸು ತಡೆಯಲಿಲ್ಲ. ಪೆಟ್ಟಿಗೆಗೂ ಅವಳಿಗೂ ನಡುವೆ, ಮಂಚದ ಅಂಚಿನಲ್ಲಿ ಕುಳಿತೆ. ಪರದೆಯಲ್ಲಿ ಹದಿನೆಂಟು. ನಿದ್ದೆಯಲ್ಲಿ ಉಸಿರು ನಿಧಾನವಾಗುತ್ತದಲ್ಲ ಎಂದುಕೊಂಡೆ.

ಬಾಗಿಲಿಗೆ ಬಂದ ನರ್ಸ್ ಪರದೆ ನೋಡಿ ನನ್ನನ್ನು ನೋಡಿದರು. "ಅಕ್ಕ, ಅದು ನಿಮ್ಮದು. ಏಳಿ, ಈಚೆ ಬನ್ನಿ."

ನಾನು ಎದ್ದೆ. ಅಂಕಿ ಒಂದು ಕ್ಷಣ ಮಾಯವಾಗಿ ಮತ್ತೆ ಬಂತು: ಎಂಟು. ಮಗಳ ತುಟಿ ನೀಲಿಗಟ್ಟಿತ್ತು.

ಅವರು ಗಲ್ಲ ಎತ್ತಿದರು, ಅಂಗಾಲು ಉಜ್ಜಿದರು, ಆಕ್ಸಿಜನ್ ಹಿಡಿದರು. ಡಾಕ್ಟರು ಓಡಿಬಂದು, ಉಸಿರು ಕುಗ್ಗಿಸಿದ್ದ ನೋವಿನ ಮದ್ದಿನ ಪರಿಣಾಮ ಇಳಿಸುವ ಇನ್ನೊಂದು ಇಂಜೆಕ್ಷನ್ ಕೊಟ್ಟರು. ನಾನು ದೂರದ ಗೋಡೆಗೆ ಅಂಟಿಕೊಂಡು, ಅಲ್ಲಿಂದಲೂ ಅಡ್ಡ ಬಂದೇನೆಂದು ಹೆದರಿ ಉಸಿರು ಬಿಗಿಹಿಡಿದಿದ್ದೆ. ಹನ್ನೊಂದು. ಹದಿನಾರು. ಇಪ್ಪತ್ತೆರಡು. ಆ ಅಂಕಿಗಳು ಏರುವುದನ್ನು ಕಂಡಷ್ಟು ಬೆರಗಿನಿಂದ ನಾನು ಬೇರೇನನ್ನೂ ಕಂಡಿಲ್ಲ.

"ಬೈಯುವುದಿದ್ದರೆ ಬೈಯಿರಿ" ಎಂದೆ ನರ್ಸ್‌ಗೆ.

"ಬೈಯಲಿಕ್ಕೆ ಪುರುಸೊತ್ತಿಲ್ಲ ಅಕ್ಕ. ಮೊದಲು ನೀರು ಕುಡೀರಿ."

ಅವರು ಐದು ನಿಮಿಷ ತಡವಾಗಿ ಬಂದಿದ್ದರೆ? ನನ್ನ ಯೋಚನೆ ಈಗಲೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಮನೆಗೆ ಬಂದ ಮೇಲೆ ದಿನವೂ ರಾತ್ರಿ ಅವಳ ಹೊಟ್ಟೆ ಏರಿ ಇಳಿಯುವುದನ್ನು ಎಣಿಸುತ್ತಿದ್ದೆ. ಒಂದು ಸೋಮವಾರ ನೂರರ ಆಚೆ ಎಲ್ಲೋ ಲೆಕ್ಕ ತಪ್ಪಿತು. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಮಗಳು ನನ್ನ ಮೇಲೆ ಕಾಲು ಹಾಕಿಕೊಂಡು ಇನ್ನೂ ಮಲಗಿದ್ದಳು.